ಚಿತ್ರನಿರ್ಮಾಣ ವಿದ್ಯೆಯೂ ವಿಶ್ವವಿದ್ಯಾನಿಲಯವೂ

ಪುಣೆಯ ಫಿಲಂ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿಗೂ ಕಲ್ಕತ್ತೆಯ ಸತ್ಯಜಿತ್ ರಾಯ್ ಚಿತ್ರಶಿಕ್ಷಣ ಸಂಸ್ಥೆಗೂ 2025ರ ಏಪ್ರಿಲ್ ತಿಂಗಳಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯದ ಸ್ಥಾನ ದೊರೆಯಿತು. ಮೊದಲನೆಯದು 1960ರಲ್ಲಿ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಸ್ಥಾಪಿತವಾದದ್ದು. ಎರಡನೆಯದು 1995ರಲ್ಲಿ ಹುಟ್ಟಿದ್ದು. ಇಷ್ಟು ಕಾಲ ಇವೆರಡೂ ಡಿಪ್ಲೊಮಾಗಳಿಗೆ ಹೆಸರಾಗಿದ್ದವು. ಇನ್ನು ಪದವಿಯನ್ನೂ ಸಂಶೋಧನ ಪದವಿಯನ್ನೂ ತಾವೇ ಕೊಡಬಲ್ಲವು. ಚಿತ್ರಶಾಲೆ ವಿಶ್ವವಿದ್ಯಾನಿಲಯವಾದ ಈ ಸಂದರ್ಭದಲ್ಲಿ ವಿಶ್ವವಿದ್ಯಾನಿಲಯದವರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಚಲಚ್ಚಿತ್ರವನ್ನೂ ದೂರದರ್ಶನ ಕಾರ್ಯಕ್ರಮವನ್ನೂ ನಿರ್ಮಿಸುವುದು ಎಂಥ ವಿದ್ಯೆ? ಅದು ಕೈಕಸಬೇ, ಶಾಸ್ತ್ರವೇ, ಕಲೆಯೇ? ಈ ಪ್ರಶ್ನೆಗೆ ನಮ್ಮ ಕಾಲೇಜುಗಳು ಬಾಯಿಬಿಟ್ಟು ಉತ್ತರ ಹೇಳಿಲ್ಲ. ಆದರೆ ಅವುಗಳ ಪಾಠ್ಯಕ್ರಮ ಬಹುಕಾಲದಿಂದ ಉತ್ತರ ಹೇಳುತ್ತಲೇ ಇದೆ. ಆ ಉತ್ತರ ಸಮರ್ಪಕವಾದುದಲ್ಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ಒಂದು ಅಳತೆಗೋಲು ಬೇಕು. ಅದನ್ನು ದೂರದಿಂದ ತರಬೇಕಾಗಿಲ್ಲ. ಕಾವ್ಯವು ಹುಟ್ಟುವುದಕ್ಕೆ ಕಾರಣವೇನೆಂಬ ಪ್ರಶ್ನೆಯನ್ನೆತ್ತಿಕೊಂಡು ಮಮ್ಮಟನು ಕಾವ್ಯಪ್ರಕಾಶದ ಮೊದಲ ಉಲ್ಲಾಸದಲ್ಲಿ ಮೂರು ಸಂಗತಿಗಳನ್ನು ಹೇಳುತ್ತಾನೆ: ಶಕ್ತಿ, ಲೋಕ, ಶಾಸ್ತ್ರ, ಕಾವ್ಯಗಳ ಪರಿಶೀಲನದಿಂದ ಬರುವ ನಿಪುಣತೆ, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ. ಇಷ್ಟು ಎಲ್ಲರಿಗೂ ಗೊತ್ತು, ಬಿ. ಎ. ತರಗತಿಯ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಬರೆಯುತ್ತಾನೆ. ಆದರೆ ಅವನು ಸಾಮಾನ್ಯವಾಗಿ ಮರೆಯುವ ಒಂದು ಮಾತು ಅದರ ಬೆನ್ನಿಗೇ ಇದೆ. ಈ ಮೂರೂ ಕೂಡಿ ಒಂದೇ ಹೇತು, ಮೂರು ಬೇರೆ ಬೇರೆ ಹೇತುಗಳಲ್ಲ ಎಂದು ಮಮ್ಮಟನು ಏಕವಚನವನ್ನು ಎತ್ತಿ ತೋರಿಸಿ ಒತ್ತಿ ಹೇಳುತ್ತಾನೆ. ಶಕ್ತಿಯನ್ನು ಯಾವ ವಿದ್ಯಾಸಂಸ್ಥೆಯೂ ಕೊಡಲಾರದು. ಆ ಮಾತನ್ನು ಅಲ್ಲಿಗೇ ಬಿಡೋಣ. ಉಳಿದೆರಡು, ನೋಡಿ ಅರಿತ ನಿಪುಣತೆ ಮತ್ತು ಬಲ್ಲವರ ಕಣ್ಣೆದುರಿನಲ್ಲಿ ಮಾಡಿದ ಅಭ್ಯಾಸ, ಇವು ಕಲಿಸಬರುವಂಥವು. ಇವೆರಡನ್ನೂ ಒಂದೇ ಮನೆಯಲ್ಲಿ ಇರಗೊಡಿಸದಿರುವುದೇ ನಮ್ಮ ಚಿತ್ರಶಿಕ್ಷಣದ ಮುಖ್ಯ ದೋಷ.

ಅಭ್ಯಾಸದ ಮನೆ ನಮ್ಮ ನಾಡಿನಲ್ಲಿ ಬಹು ಹಿಂದೆಯೇ ಕಟ್ಟಲ್ಪಟ್ಟಿತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸ್ವಾತಂತ್ರ್ಯ ಬರುವುದಕ್ಕೆ ಮೊದಲೇ ಚಲಚ್ಚಿತ್ರ ಛಾಯಾಗ್ರಹಣವನ್ನು ಕಲಿಸುತ್ತಿದ್ದರು. ಪುಣೆಯ ಸಂಸ್ಥೆ ಇನ್ನೂ ಕಾಗದದ ಮೇಲೂ ಇರಲಿಲ್ಲ. ಅಂಥದೊಂದು ಬೇಕೆಂದು ಎಸ್. ಕೆ. ಪಾಟೀಲರ ಅಧ್ಯಕ್ಷತೆಯ ಚಿತ್ರೋದ್ಯಮ ವಿಚಾರಣಾ ಸಮಿತಿ ಸಲಹೆ ಮಾಡಿದ್ದು 1951ರಲ್ಲಿ. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಈ ಪಾಲಿಟೆಕ್ನಿಕ್ಕಿನಿಂದ 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಗೋವಿಂದ ನಿಹಲಾನಿಯವರು 1962ರಲ್ಲಿ ಇಲ್ಲಿಂದಲೇ ಹೊರಬಿದ್ದು ಮೂರ್ತಿಯವರ ಬಳಿ ಸಹಾಯಕರಾಗಿ ದುಡಿದರು. ದೇಶದ ಚಿತ್ರಕಲೆಗೆ ಇಬ್ಬರು ಇಂಥವರನ್ನು ಕೊಟ್ಟ ಶಾಲೆಯನ್ನು ನಮ್ಮ ವಿದ್ಯಾಭ್ಯಾಸದ ಇತಿಹಾಸಕಾರರು ಒಂದು ಅಡಿಟಿಪ್ಪಣಿಯಲ್ಲಿಯೂ ನೆನೆಯುವುದಿಲ್ಲ. ಪಾಲಿಟೆಕ್ನಿಕ್ ಎಂಬ ಹೆಸರೇ ಕಾರಣವಿರಬಹುದು. ಮರಗೆಲಸ, ಯಂತ್ರಗೆಲಸಗಳ ಮಗ್ಗುಲಲ್ಲಿ ಕಲಿಸಿದ್ದು ವಿದ್ಯೆಯೆಂದು ನಮಗೆ ತೋರುವುದಿಲ್ಲ.

ಆ ಗೆಲಸವು ಏನಾಯಿತೆಂಬುದನ್ನು ಗುರುದತ್ತರ ‘ಕಾಗಜ್ ಕೇ ಫೂಲ್’ (1959) ಚಿತ್ರದಲ್ಲಿ ನೋಡಬಹುದು. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರವದು. ಬರಿದಾದ ಸ್ಟುಡಿಯೋ ಒಂದರಲ್ಲಿ ಇಬ್ಬರು ದೂರದೂರ ನಿಂತಿದ್ದಾರೆ. ಮೇಲಿನಿಂದ ಬೆಳಕಿನ ಕಂಬವೊಂದು ಓರೆಯಾಗಿ ಇಳಿದು ಕತ್ತಲನ್ನು ಸೀಳಿದೆ. ಎಷ್ಟು ದೀಪಗಳನ್ನು ಹಚ್ಚಿದರೂ ಅಂಥ ಸಮಾನಾಂತರವಾದ ಕಿರಣ ಸಿಕ್ಕುವುದಿಲ್ಲವೆಂದು ಮೂರ್ತಿಯವರು ದೊಡ್ಡ ಕನ್ನಡಿಗಳೆರಡನ್ನು ಇಟ್ಟು ಹೊರಗಿನ ಸೂರ್ಯನನ್ನೇ ಒಳಕ್ಕೆ ತಿರುಗಿಸಿದರು. ಇದನ್ನು ಯುಕ್ತಿಯೆಂದು ಹೊಗಳುವವರು ಬಹಳ. ಯುಕ್ತಿಯೆಂಬುದು ನಿಜ, ಆದರೆ ಅಷ್ಟೇ ಅಲ್ಲ. ಹತ್ತಿರದ ದೀಪದ ಬೆಳಕು ಹರಡುತ್ತದೆ, ದೂರದ ಸೂರ್ಯನದು ಹರಡುವುದಿಲ್ಲ ಎಂಬುದು ಭೌತಶಾಸ್ತ್ರದ ಪಾಠ. ಆ ಪಾಠ ಇಲ್ಲಿ ಒಂದು ಅರ್ಥಕ್ಕೆ ಸೇವಕನಾಗಿದೆ. ಆ ಇಬ್ಬರ ನಡುವಿನ ಅಂತರವನ್ನು ಮಾತು ಹೇಳುತ್ತಿಲ್ಲ, ಬೆಳಕು ಹೇಳುತ್ತಿದೆ. ಸೂರ್ಯನು ಒಂದೆಡೆ ನಿಲ್ಲದೆ ಸರಿಯುವುದರಿಂದ ಅಂಥ ಶಾಟಿಗೆ ಸಿಕ್ಕುವ ಕಾಲವೂ ಸ್ವಲ್ಪವೇ. ಈ ನಿರ್ಣಯವನ್ನು ಯಾವ ವಿಭಾಗಕ್ಕೆ ಸೇರಿಸುತ್ತೀರಿ? ಭೌತಶಾಸ್ತ್ರಕ್ಕೋ, ಕಾವ್ಯಮೀಮಾಂಸೆಗೋ? ಮೂರ್ತಿಯವರಿಗೆ 2008ನೆಯ ವರ್ಷದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ನಟರಿಗೂ ನಿರ್ದೇಶಕರಿಗೂ ನಿರ್ಮಾಪಕರಿಗೂ ಕೊಟ್ಟು ಕೊಟ್ಟು ನಾಲ್ಕು ದಶಕಗಳು ಕಳೆದಮೇಲೆ!

ಆದರೂ ಬೆಂಗಳೂರಿನ ಆ ವ್ಯವಸ್ಥೆಯ ಕೊರತೆಯನ್ನು ಮುಚ್ಚಿಡಬಾರದು. ಅಲ್ಲಿ ಕಲಿಸಿದ್ದು ಛಾಯಾಗ್ರಹಣವನ್ನು, ಶಬ್ದಗ್ರಹಣವನ್ನು. ಯಂತ್ರವಿರುವಲ್ಲಿ ಶಿಕ್ಷಣ, ಯಂತ್ರವಿಲ್ಲದಲ್ಲಿ ದೈವದತ್ತ ಪ್ರತಿಭೆ ಎಂಬ ತತ್ತ್ವದ ಮೇಲೆ ಆ ವಿಭಾಗ ನಿಂತಿತು. ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಮುಂದುವರಿದ ಪರಂಪರೆಯೂ ಮುಖ್ಯವಾಗಿ ಇದೇ. ಕಲಿತವರು ಕಲಿತರು, ನಿಜ. ಆದರೆ ಲೋಕದ ಒಳ್ಳೆಯ ಚಿತ್ರಗಳನ್ನು ಹತ್ತು ಸಲ ನೋಡಿ, ಬಿಡಿಸಿ, ಜಗಳವಾಡುವ ಅವಕಾಶ ಪಾಠದ ಅಂಗವಾಗಿರಲಿಲ್ಲ. ಮೂರ್ತಿಯವರ ನಿಪುಣತೆ ಗುರುದತ್ತರ ಸಹವಾಸದಲ್ಲಿ ಬೆಳೆಯಿತೇ ಹೊರತು ತರಗತಿಯಲ್ಲಲ್ಲ.

ನೋಡುವುದೂ ಮಾಡುವುದೂ ಒಂದೇ ಕೊಠಡಿಯಲ್ಲಿ ಕೂಡಿದರೆ ಏನಾಗುತ್ತದೆಂಬುದಕ್ಕೆ ಹಳೆಯ ನಿದರ್ಶನ ಮಾಸ್ಕೋದ್ದು. 1919ರಲ್ಲಿ ಅಲ್ಲಿ ಸರ್ಕಾರಿ ಚಿತ್ರಶಾಲೆ ತೆರೆದಾಗ ಅಂತರ್ಯುದ್ಧದ ಕಾಲ. ಕಚ್ಚಾ ಫಿಲಮಿಗೆ ಬರಗಾಲ. ಲೆವ್ ಕುಲೆಷೋವ್ ತನ್ನ ಶಿಷ್ಯರಿಂದ ಫಿಲಮೇ ಇಲ್ಲದ ಚಿತ್ರಗಳನ್ನು ಮಾಡಿಸಿದ. ಎಂದರೆ, ಶಾಟುಗಳಾಗಿ ಒಡೆದ ದೃಶ್ಯವನ್ನು ಕ್ಯಾಮರಾ ಓಡುತ್ತಿದೆಯೆಂಬಂತೆ ರಂಗದ ಮೇಲೆ ಅಭಿನಯಿಸಿದರು. ಇತರರು ತೆಗೆದ ಹಳೆಯ ತುಣುಕುಗಳನ್ನು ಕತ್ತರಿಸಿ ಬೇರೆ ಬೇರೆಯಾಗಿ ಜೋಡಿಸಿದರು. ನಟ ಮೊಸ್ಜೂಖಿನನ ಒಂದೇ ನಿರ್ವಿಕಾರ ಮುಖವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕಕ್ಕೆ, ಒಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೆ ಇಟ್ಟಾಗ ಪ್ರೇಕ್ಷಕರು ಅದರಲ್ಲಿ ಹಸಿವನ್ನೂ ದುಃಖವನ್ನೂ ಕಂಡರೆಂಬ ಪ್ರಯೋಗ ಆ ಶಾಲೆಯ ಹೆಸರಿನಲ್ಲಿಯೇ ಉಳಿದಿದೆ. ಶಿಷ್ಯರಲ್ಲಿ ಪುಡೋವ್‌ಕಿನ್ ಒಬ್ಬ. ರಸಿಕನಾದ ವಾಚಕನಿಗೆ ಇದು ಹೊಸತಾಗಿ ತೋರಲಾರದು. ಪದವು ವಾಕ್ಯದಲ್ಲಿ ನಿಂತ ಜಾಗದಿಂದ ಅರ್ಥವನ್ನು ಪಡೆಯುವುದನ್ನು ನಾವು ಬಲ್ಲೆವು. ಇಲ್ಲಿ ಗಮನಿಸಬೇಕಾದದ್ದು, ಈ ಸಿದ್ಧಾಂತವು ಗ್ರಂಥಾಲಯದಲ್ಲಿ ಹುಟ್ಟಲಿಲ್ಲ, ಕತ್ತರಿ ಹಿಡಿದ ಮೇಜಿನ ಮೇಲೆ ಹುಟ್ಟಿತು ಎಂಬುದು.

ಪುಣೆಗೆ ಬರೋಣ. ಆ ಸಂಸ್ಥೆಯ ಕೀರ್ತಿಗೆ ಕಾರಣವನ್ನು ಹಲವರು ಅಲ್ಲಿಂದ ಬಂದ ಪ್ರಸಿದ್ಧರ ಹೆಸರುಗಳಲ್ಲಿ ಹುಡುಕುತ್ತಾರೆ. ನನಗೆ ತೋರುವಂತೆ ಕಾರಣವಿರುವುದು ಎರಡು ವ್ಯವಸ್ಥೆಗಳು ಒಂದರ ಪಕ್ಕದಲ್ಲಿ ಒಂದು ಬಿದ್ದುದರಲ್ಲಿ. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದೇ ಊರಿನಲ್ಲಿ ಸ್ಥಾಪಿತವಾಯಿತು, ಪಿ. ಕೆ. ನಾಯರ್ ದೇಶವಿದೇಶಗಳ ಚಿತ್ರಗಳನ್ನು ಅಲ್ಲಿ ಕೂಡಿಹಾಕಿದರು. ಸಂಸ್ಥೆಯಲ್ಲಿ ಸತೀಶ್ ಬಹಾದೂರರು ‘ಪಥೇರ್ ಪಾಂಚಾಲಿ’ಯಂಥ ಕೃತಿಯನ್ನು ಶಾಟು ಶಾಟಾಗಿ ಬಿಡಿಸಿ ಪಾಠ ಹೇಳಿದರು; ಪದ್ಯವನ್ನು ಅನ್ವಯಿಸಿ ಹೇಳುವ ಪಂಡಿತರ ಕ್ರಮದಿಂದ ಇದು ದೂರವಾದುದಲ್ಲ. 1960ರ ದಶಕದ ನಡುವಿನಲ್ಲಿ ಋತ್ವಿಕ್ ಘಟಕ್ ಅಲ್ಲಿ ಉಪಪ್ರಾಂಶುಪಾಲರಾಗಿದ್ದರು. ಅವರ ಅಧಿಕಾರಾವಧಿ ಅಲ್ಪ, ಶಿಷ್ಯರ ಮೇಲೆ ಬಿದ್ದ ಮುದ್ರೆ ದೀರ್ಘ. ಮಣಿ ಕೌಲ್, ಕುಮಾರ್ ಶಹಾನಿ ಇಬ್ಬರೂ ಅದಕ್ಕೆ ಸಾಕ್ಷಿ. ಹಗಲು ಮಾಡಿದ ಅಭ್ಯಾಸದ ತಪ್ಪು, ಸಂಜೆ ಸಂಗ್ರಹಾಲಯದ ತೆರೆಯ ಮೇಲೆ ಬೇರೊಬ್ಬನು ಅದನ್ನೇ ಸರಿಯಾಗಿ ಮಾಡಿದುದನ್ನು ಕಂಡಾಗ ಅರ್ಥವಾಗುವ ಸ್ಥಿತಿ ಇದು. ಮಮ್ಮಟನ ಏಕವಚನಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಸಮೀಪದ ಉದಾಹರಣೆ ನನಗೆ ತಿಳಿಯದು.

ಇನ್ನೊಂದು ಗುರುವಿನ ಹೆಸರನ್ನೂ ಹೇಳಬೇಕು, ಅದು ಬಡತನ. 35 ಮಿಲಿಮೀಟರ್ ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದು ಅಡಿಗೆ 16 ಚೌಕಟ್ಟು. ಆದ್ದರಿಂದ ನಿಮಿಷಕ್ಕೆ 90 ಅಡಿ. 400 ಅಡಿಯ ಒಂದು ಸುರುಳಿ ನಾಲ್ಕೂವರೆ ನಿಮಿಷವನ್ನೂ ಮುಟ್ಟುವುದಿಲ್ಲ. ವಿದ್ಯಾರ್ಥಿಗೆ ಅಭ್ಯಾಸಕ್ಕೆಂದು ದೊರೆಯುತ್ತಿದ್ದ ಫಿಲಂ ಮಿತವಾದುದು. ಕ್ಯಾಮರಾದ ಗುಂಡಿಯನ್ನು ಒತ್ತುವ ಮೊದಲು ಆತ ನಟನ ನಡೆಯನ್ನು ಹತ್ತು ಸಲ ಅಳೆಯಬೇಕು, ಲೆನ್ಸನ್ನು ಆರಿಸಬೇಕು, ಹಿಂದಿನ ಶಾಟಿನ ಕೊನೆ ಎಲ್ಲಿತ್ತೆಂಬುದನ್ನು ನೆನೆಯಬೇಕು. ಕಾಗದ ದುಬಾರಿಯಾಗಿದ್ದಾಗ ಕವಿ ಮನಸ್ಸಿನಲ್ಲಿಯೇ ಪದ್ಯವನ್ನು ತಿದ್ದುತ್ತಿದ್ದ ಹಾಗೆ. ನಿರಂತರತೆಯ ಅಭ್ಯಾಸ, ಸಂಭಾಷಣೆಯ ಅಭ್ಯಾಸ, ಕೊನೆಗೆ ಡಿಪ್ಲೊಮಾ ಚಿತ್ರ ಎಂಬ ಮೆಟ್ಟಿಲುಗಳು ಅಲ್ಲಿನ ಪಾಠ್ಯಕ್ರಮದಲ್ಲಿ ಇದ್ದುದು ಈ ಲೆಕ್ಕಾಚಾರದ ಮೇಲೆಯೇ. ಇಂದು ಅಂಕೀಯ ಕ್ಯಾಮರಾದಲ್ಲಿ ಗಂಟೆಗಟ್ಟಲೆ ತೆಗೆಯಬಹುದು, ಬೆಲೆಯಿಲ್ಲ. ಆದುದರಿಂದ ನಿರ್ಣಯವೂ ಇಲ್ಲ. ಎಲ್ಲವನ್ನೂ ತೆಗೆದುಕೊಂಡು ಬಂದು ಸಂಕಲನದ ಮೇಜಿನ ಮುಂದೆ ಕುಳಿತು ತಾನು ಏನನ್ನು ಹೇಳಬೇಕೆಂದಿದ್ದೆನೆಂದು ಹುಡುಕುವ ವಿದ್ಯಾರ್ಥಿಯನ್ನು ಎಲ್ಲ ಶಾಲೆಗಳೂ ಬಲ್ಲವು. ಹಿಂದೆ ಬಡತನ ಕಲಿಸಿದ್ದನ್ನು ಇಂದು ಅಧ್ಯಾಪಕನು ನಿಯಮದಿಂದ ಕಲಿಸಬೇಕಾಗಿದೆ. ಇದು ಸುಲಭವಲ್ಲ, ಕೃತಕವಾದ ಕ್ಷಾಮವನ್ನು ಯಾರೂ ಪ್ರೀತಿಯಿಂದ ಸ್ವೀಕರಿಸುವುದಿಲ್ಲ.

ಪುಣೆಯ ಕ್ರಮಕ್ಕೂ ತನ್ನದೇ ರೋಗವಿದೆ. ಸಂಗ್ರಹಾಲಯದ ನೆರಳಿನಲ್ಲಿ ಬೆಳೆದವರು ಲೋಕವನ್ನು ನೋಡುವುದಕ್ಕೆ ಬದಲು ಬ್ರೆಸನ್ನನನ್ನೂ ತಾರ್ಕೋವ್‌ಸ್ಕಿಯನ್ನೂ ನೋಡಿದ ಡಿಪ್ಲೊಮಾ ಚಿತ್ರಗಳು ಸಾಕಷ್ಟಿವೆ. ಕ್ಯಾಮರಾ ಮೆಲ್ಲಗೆ ಚಲಿಸಿದರೆ ಗಾಂಭೀರ್ಯ, ಪಾತ್ರ ಮಾತನಾಡದಿದ್ದರೆ ಆಳ ಎಂಬ ಭ್ರಾಂತಿ ಅವುಗಳಲ್ಲಿ ಹಲವನ್ನು ಕೆಡಿಸಿದೆ. ಮಮ್ಮಟನು ನಿಪುಣತೆಯ ಮೂಲಗಳನ್ನು ಎಣಿಸುವಾಗ ಲೋಕವನ್ನು ಮೊದಲಿಗಿಟ್ಟು ಕಾವ್ಯವನ್ನು ಕೊನೆಗಿಟ್ಟದ್ದು ಆಕಸ್ಮಿಕವಲ್ಲವೆಂದು ಇಂಥವನ್ನು ನೋಡುವಾಗ ಅನ್ನಿಸುತ್ತದೆ.

ಗಿರೀಶ ಕಾಸರವಳ್ಳಿಯವರ ಹಾದಿ ಈ ದೃಷ್ಟಿಯಿಂದ ಪರಿಶೀಲನಾರ್ಹ. ಮಣಿಪಾಲದಲ್ಲಿ ಔಷಧಶಾಸ್ತ್ರವನ್ನು ಓದಿದವರು ಪುಣೆಗೆ ಹೋದರು, 1975ರಲ್ಲಿ ‘ಅವಶೇಷ್’ ಎಂಬ ಡಿಪ್ಲೊಮಾ ಚಿತ್ರದೊಂದಿಗೆ ಹೊರಬಂದರು, ಬಿ. ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿ ದುಡಿದರು, 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದರು. ಮೊದಲ ಚಿತ್ರಕ್ಕೇ ಸ್ವರ್ಣಕಮಲ ಬಂದಿತು. ನಮ್ಮ ವಿಮರ್ಶೆ ಈ ಚಿತ್ರವನ್ನು ಕುರಿತು ಬರೆದದ್ದು ಕಡಮೆಯೇನಲ್ಲ. ಆದರೆ ಬರೆದುದರಲ್ಲಿ ಹೆಚ್ಚು ಪಾಲು ಅನಂತಮೂರ್ತಿಯವರ ಕಥೆಯನ್ನು ಕುರಿತು, ವೈದಿಕ ಸಮಾಜದ ಕ್ರೌರ್ಯವನ್ನು ಕುರಿತು, ವಿಧವೆಯ ಪಾಡನ್ನು ಕುರಿತು. ಈ ವಸ್ತುಗಳು ಗೌಣವೆಂದು ಯಾರೂ ಹೇಳಲಾರರು. ಪ್ರಶ್ನೆಯೇನೆಂದರೆ, ಇದನ್ನೆಲ್ಲ ಕಥೆಯೂ ಹೇಳಿತ್ತಲ್ಲ, ಚಿತ್ರ ಹೇಳಿದ್ದು ಏನು?

ಯಮುನೆಯ ದುರಂತ ನಮಗೆ ಗೋಚರವಾಗುವುದು ಬಹುಮಟ್ಟಿಗೆ ವೇದಪಾಠಕ್ಕೆಂದು ಬಂದ ಬಾಲಕ ನಾಣಿಯ ಸಮೀಪದಿಂದ. ಬರವಣಿಗೆಯಲ್ಲಿ ಬಾಲಕನ ಅನುಭವವನ್ನು ಕೊಡಲು ಬಾಲಕನ ಭಾಷೆ ಸಾಕು. ಕ್ಯಾಮರಾಕ್ಕೆ ‘ನಾನು’ ಎಂಬ ಸರ್ವನಾಮವಿಲ್ಲ. ಅದು ಎಲ್ಲಿ ನಿಲ್ಲಬೇಕು, ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿ, ಬಾಗಿಲ ಈಚೆಗೋ ಆಚೆಗೋ ಎಂಬ ನಿರ್ಣಯಗಳ ಸರಣಿಯಿಂದಲೇ ಆ ಉತ್ತಮಪುರುಷ ಹುಟ್ಟಬೇಕು; ಹುಡುಗನು ಕಂಡದ್ದನ್ನು ನಾವೂ ಕಾಣಬೇಕು, ಆದರೆ ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗಬೇಕು. ಕೊನೆಯಲ್ಲಿ ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡಿದಮೇಲೆ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನೆಯನ್ನು ಹಿಂದೆ ಬಿಟ್ಟು ಹುಡುಗನು ತನ್ನ ತಂದೆಯ ಜೊತೆಯಲ್ಲಿ ಊರಿಗೆ ಹೊರಡುತ್ತಾನೆ. ಅಲ್ಲಿ ವಾದವಿಲ್ಲ, ಖಂಡನೆಯಿಲ್ಲ. ಬೆಳೆಯುತ್ತಿರುವ ಒಂದು ಅಂತರ ಮಾತ್ರ ಇದೆ. ಎಸ್. ರಾಮಚಂದ್ರರ ಕಪ್ಪುಬಿಳುಪಿನ ಛಾಯಾಗ್ರಹಣವೂ ಕಾರಂತರ ಸಂಗೀತವೂ ಈ ಸಂಯಮಕ್ಕೆ ಒಪ್ಪಿ ನಡೆದಿವೆ. ಇದು ಅಭ್ಯಾಸದಿಂದ ಬಂದ ಸಂಯಮ. ಎರಡು ಪಾತ್ರಗಳ ನಡುವೆ ಕ್ಯಾಮರಾವನ್ನು ಇಡುವುದರ ನೈತಿಕ ಪರಿಣಾಮವೇನೆಂದು ಅಭ್ಯಾಸಚಿತ್ರಗಳಲ್ಲಿ ಸೋತು ಕಲಿಯದವನಿಗೆ ಇದು ಮೊದಲ ಚಿತ್ರದಲ್ಲಿಯೇ ಕೈಗೂಡುವುದು ಕಷ್ಟ. ಪುನರುದ್ಧಾರಗೊಂಡ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ಕನ್ನಡವನ್ನು ಅರಿಯದ ಪ್ರೇಕ್ಷಕರಿಗೆ ತಲುಪಿರಬಹುದಾದದ್ದು ಮುಖ್ಯವಾಗಿ ಇದೇ ಭಾಷೆ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಕನ್ನಡದ ಹೊಸ ಚಿತ್ರಪರಂಪರೆಗೆ ನಾಂದಿಯಾದ ‘ಸಂಸ್ಕಾರ’ (1970) ಯಾವ ಚಿತ್ರಶಾಲೆಯ ಫಲ? ಅದರ ನಿರ್ದೇಶಕರಾದ ಪಟ್ಟಾಭಿರಾಮ ರೆಡ್ಡಿಯವರು ಕವಿಗಳು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದ ಗಿರೀಶ ಕಾರ್ನಾಡರು ನಾಟಕಕಾರರು. ಆಕ್ಷೇಪ ಬಲವಾದುದೇ. ಆದರೆ ಕ್ಯಾಮರಾದ ಹಿಂದೆ ಇದ್ದವರು ಆಸ್ಟ್ರೇಲಿಯದಿಂದ ಬಂದ ಟಾಮ್ ಕೋವನ್ ಎಂಬುದನ್ನು ಆಕ್ಷೇಪಕರು ಮರೆಯುತ್ತಾರೆ. ಕವಿ, ನಾಟಕಕಾರ, ಹೊರದೇಶದ ಕುಶಲಿ ಇವರೆಲ್ಲ ಒಂದು ಕೃತಿಯ ಸುತ್ತ ಸೇರಿದ್ದು ಒಂದು ಭಾಗ್ಯದ ಗಳಿಗೆ. ಭಾಗ್ಯವನ್ನು ಪಾಠ್ಯಕ್ರಮವಾಗಿ ಮಾಡಲಾಗದು. ಅದೇ ಕಾರ್ನಾಡರು 1974ರಲ್ಲಿ ಪುಣೆಯ ಸಂಸ್ಥೆಯ ನಿರ್ದೇಶಕರಾಗಿ ಹೋದರೆಂಬುದೂ ಈ ವಾದದಲ್ಲಿ ಲೆಕ್ಕಕ್ಕೆ ಬರಬೇಕು.

ಈಗ ನಮ್ಮ ಕಾಲೇಜುಗಳತ್ತ ತಿರುಗೋಣ. ಸ್ಥಿತಿ ಹೀಗಿದೆ: ಸಾಹಿತ್ಯ ವಿಭಾಗದಲ್ಲಿ ‘ಸಾಹಿತ್ಯ ಮತ್ತು ಸಿನಿಮಾ’ ಎಂಬಂಥ ಒಂದು ಪತ್ರಿಕೆ, ಅಲ್ಲಿ ಕಾದಂಬರಿ ಯಜಮಾನ, ಚಿತ್ರ ಬಾಡಿಗೆದಾರ. ಮೂಲದಲ್ಲಿ ಏನಿತ್ತು, ಚಿತ್ರದಲ್ಲಿ ಏನನ್ನು ಬಿಟ್ಟರು ಎಂಬ ಎರಡು ಪಟ್ಟಿಗಳನ್ನು ಮಾಡಿದರೆ ಉತ್ತರ ಮುಗಿಯಿತು. ಪತ್ರಿಕೋದ್ಯಮ ವಿಭಾಗದಲ್ಲಿ ‘ದೂರದರ್ಶನ ನಿರ್ಮಾಣ’ ಎಂಬ ಇನ್ನೊಂದು. ಅಲ್ಲಿ ಯಂತ್ರಭಾಗಗಳ ಹೆಸರು, ಶಾಟುಗಳ ವಿಧ, ಕೊನೆಗೆ ಐದು ನಿಮಿಷದ ಒಂದು ಸಾಕ್ಷ್ಯಚಿತ್ರ. ಮೊದಲ ಕೊಠಡಿಯಲ್ಲಿ ಕ್ಯಾಮರಾ ಇಲ್ಲ, ಎರಡನೆಯದರಲ್ಲಿ ‘ಪಥೇರ್ ಪಾಂಚಾಲಿ’ ಇಲ್ಲ. ನಿಪುಣತೆ ಒಂದು ಮಹಡಿಯಲ್ಲಿ, ಅಭ್ಯಾಸ ಇನ್ನೊಂದರಲ್ಲಿ. ನಡುವಣ ಮೆಟ್ಟಿಲನ್ನು ವಿದ್ಯಾರ್ಥಿ ಹತ್ತಿದರೆ ಹಾಜರಿ ತಪ್ಪುತ್ತದೆ! ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಸತೀಶ್ ಬಹಾದೂರರನ್ನು ಕರೆತಂದು ಹಳ್ಳಿಯ ಜನರ ನಡುವೆ ಚಿತ್ರ ರಸಗ್ರಹಣದ ಶಿಬಿರಗಳನ್ನು ನಡೆಸಿದರು. ನೋಡುವುದನ್ನು ಒಂದು ಶಿಸ್ತಾಗಿ ಕಲಿಸುವ ಆ ಕೆಲಸವನ್ನು ಸಂಬಳ ತೆಗೆದುಕೊಳ್ಳುವ ನಾವು ಮಾಡದೆ ಅಡಕೆ ಬೆಳೆಯುವ ಊರಿನವರು ಮಾಡಬೇಕಾಯಿತು.

ಪರೀಕ್ಷೆಯ ಕ್ರಮವಂತೂ ಇನ್ನೂ ಶೋಚನೀಯ. ವಿದ್ಯಾರ್ಥಿಯ ಚಿತ್ರಕ್ಕೆ ಅಂಕ ಕೊಡುವಾಗ ವಿಷಯ ಒಳ್ಳೆಯದೇ, ಸಂದೇಶವಿದೆಯೇ, ಚಿತ್ರ ಅಂದವಾಗಿದೆಯೇ ಎಂದು ನೋಡುತ್ತೇವೆ. ಎಂದರೆ, ಅಭ್ಯಾಸವನ್ನು ಸಿದ್ಧವಸ್ತುವೆಂದು ಭಾವಿಸಿ ಬೆಲೆ ಕಟ್ಟುತ್ತೇವೆ. ಪ್ರಯೋಗವನ್ನು ಪರೀಕ್ಷಿಸುವುದು ಹೇಗೆಂಬ ಪ್ರಶ್ನೆ ಭರತನಿಗೂ ಎದುರಾಗಿತ್ತು. ರಂಗಮಂದಿರದ ನೆಲವನ್ನು ದಾರ ಹಿಡಿದು ಅಳೆಯುವಲ್ಲಿಂದ ಮೊದಲಾಗಿ ಎಲ್ಲವನ್ನೂ ಶಾಸ್ತ್ರವೆಂದೇ ಎಣಿಸಿದ ನಾಟ್ಯಶಾಸ್ತ್ರವು ಸಿದ್ಧಿಯ ಅಧ್ಯಾಯದಲ್ಲಿ ಪ್ರಾಶ್ನಿಕರನ್ನು ಹೇಳುತ್ತದೆ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವ್ಯಾಕರಣ ಬಲ್ಲವನು, ಅರಸು, ಬಿಲ್ಲುವಿದ್ಯೆಯವನು, ಚಿತ್ರಕಾರ, ಗಣಿಕೆ, ಗಾಯಕ, ರಾಜಸೇವಕ. ಪ್ರತಿಯೊಬ್ಬರೂ ತಾವು ಬಲ್ಲುದಕ್ಕೆ ಮಾತ್ರ ತೀರ್ಪುಗಾರರು. ನಟನ ನಿಲುವಿನ ಸೌಷ್ಠವಕ್ಕೆ ಬಿಲ್ಲುಗಾರನ ಮಾತು, ವೇಷಕ್ಕೆ ಚಿತ್ರಕಾರನ ಮಾತು. ಸಮಷ್ಟಿಕೃತಿಯೊಂದರ ಪರೀಕ್ಷೆಗೆ ಸಮಷ್ಟಿಯಾದ ಪರೀಕ್ಷಕಮಂಡಲಿ ಬೇಕೆಂಬ ಈ ಸರಳ ನ್ಯಾಯವನ್ನು ನಮ್ಮ ಪರೀಕ್ಷಾವಿಭಾಗಗಳು ಇನ್ನೂ ಒಪ್ಪಿಲ್ಲ. ಶಬ್ದವನ್ನು ಬಲ್ಲ ಒಬ್ಬ ಪರೀಕ್ಷಕನಿಲ್ಲದ ಮಂಡಲಿಯ ಮುಂದೆ ಶಬ್ದಗ್ರಹಣದಲ್ಲಿ ತಿಂಗಳುಗಟ್ಟಲೆ ದುಡಿದ ವಿದ್ಯಾರ್ಥಿಗೆ ಯಾವ ನ್ಯಾಯ ದೊರೆತೀತು?

ದೂರದರ್ಶನದ ಮಾತು ಸ್ವಲ್ಪ ಬೇರೆ. ಅಲ್ಲಿ ಹಲವು ಕ್ಯಾಮರಾಗಳು ಏಕಕಾಲದಲ್ಲಿ ನೋಡುತ್ತಿರುತ್ತವೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತವನು ಕ್ಷಣಕ್ಷಣಕ್ಕೂ ಒಂದನ್ನು ಆರಿಸುತ್ತಾನೆ. ಚಿತ್ರಕಾರನು ಸಂಕಲನದ ಮೇಜಿನ ಮೇಲೆ ತಿಂಗಳ ಕಾಲ ಮಾಡುವುದನ್ನು ಇವನು ಮರುಚಿಂತನೆಗೆ ಎಡೆಯಿಲ್ಲದೆ ಮಾಡಬೇಕು. ದೆಹಲಿಯಲ್ಲಿದ್ದ ದೂರದರ್ಶನದ ತರಬೇತಿ ಶಾಖೆ ಪುಣೆಗೆ ಬಂದದ್ದು 1974ರಲ್ಲಿ. ಮರುವರ್ಷವೇ ಉಪಗ್ರಹ ಬೋಧನ ದೂರದರ್ಶನ ಪ್ರಯೋಗ ನಡೆಯಿತು: 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಅಮೆರಿಕದ ಉಪಗ್ರಹವೊಂದರ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದವು. ಆ ಹಳ್ಳಿಗಳಿಗೆ ಕಾರ್ಯಕ್ರಮ ಸಿದ್ಧವಾಗುತ್ತಿದ್ದ ಕೇಂದ್ರ ಹೈದರಾಬಾದಿನದು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಈ ಪ್ರಯೋಗದಲ್ಲಿ ಸಮಾಜವಿಜ್ಞಾನಿಗಳು ಕೆಲವು ಹಳ್ಳಿಗಳಲ್ಲಿ ತಂಗಿದ್ದು, ಜನ ಏನನ್ನು ನೋಡುತ್ತಾರೆ, ನೋಡಿದ್ದನ್ನು ಏನೆಂದು ತಿಳಿಯುತ್ತಾರೆ ಎಂಬುದನ್ನು ಬರೆದಿಟ್ಟರು. ಮಾಡುವವನೂ ನೋಡುವವನೂ ಒಂದೇ ವಿಚಾರಣೆಯೊಳಕ್ಕೆ ಬಂದ ಅಪರೂಪದ ಸಂದರ್ಭವದು. ವಿಶ್ವವಿದ್ಯಾನಿಲಯದಲ್ಲಿ ದೂರದರ್ಶನವನ್ನು ಅಭ್ಯಸಿಸುವುದೆಂದರೆ ಹೀಗಿರಬೇಕೆಂದು ಹೇಳಬಹುದಾದ ಮಾದರಿ. ನಂತರದ ವರ್ಷಗಳಲ್ಲಿ ಪತ್ರಿಕೋದ್ಯಮ ವಿಭಾಗಗಳು ಬೆಳೆದವು, ಮಾದರಿ ಬೆಳೆಯಲಿಲ್ಲ. ವಾರ್ತೆ ಓದುವವರನ್ನು ತಯಾರುಮಾಡುವುದೇ ವಿಭಾಗದ ಪರಮಾರ್ಥವೆಂಬಂತೆ ಎಷ್ಟೋ ಕಡೆ ಸ್ಟುಡಿಯೋದ ಮೂಲೆಯಲ್ಲಿ ಒಂದು ಮೇಜೂ ಒಂದು ಹಸಿರು ಪರದೆಯೂ ನಿಂತಿವೆ.

ದೂರದರ್ಶನದಿಂದ ದೊಡ್ಡ ಕೆಲಸ ಸಾಧ್ಯವಿಲ್ಲವೆಂದು ವಾದಿಸುವವರಿಗೆ 1988ರಲ್ಲಿ ಪ್ರಸಾರವಾದ ‘ತಮಸ್’ ಉತ್ತರ ಹೇಳುತ್ತದೆ. ನಿರ್ದೇಶಕರು ನಿಹಲಾನಿ, ಅವರೊಡನೆ ಕ್ಯಾಮರಾ ಹಿಡಿದವರು ಮೂರ್ತಿ. ಬೆಂಗಳೂರಿನ ಪಾಲಿಟೆಕ್ನಿಕ್ಕಿನ ಎರಡು ತಲೆಮಾರುಗಳು ಭೀಷ್ಮ ಸಾಹನಿಯವರ ಕಾದಂಬರಿಯನ್ನು ಮನೆಮನೆಯ ಸಣ್ಣ ತೆರೆಗೆ ತಂದವು.

ಹೊಸ ಪದವಿ ಹೊಸ ಅಪಾಯವನ್ನೂ ತರುತ್ತದೆ. ವಿಶ್ವವಿದ್ಯಾನಿಲಯವಾದ ಮೇಲೆ ಅಧ್ಯಾಪಕನಿಗೆ ಸಂಶೋಧನ ಪದವಿ ಬೇಕು, ಪ್ರಕಟಿತ ಪ್ರಬಂಧಗಳ ಎಣಿಕೆ ಬೇಕು. ಆ ನಿಯಮ ಅಂದೇ ಇದ್ದಿದ್ದರೆ ಋತ್ವಿಕ್ ಘಟಕ್ ಅಲ್ಲಿ ಪಾಠ ಹೇಳುವುದು ಅಶಕ್ಯವಾಗುತ್ತಿತ್ತು. ಇದಕ್ಕೆ ಪರಿಹಾರ ನಿಯಮವನ್ನು ಕಿತ್ತೊಗೆಯುವುದರಲ್ಲಿಲ್ಲ. ಚಿತ್ರವನ್ನೇ ಪ್ರಬಂಧವೆಂದು ಒಪ್ಪುವ ಕ್ರಮವನ್ನು ಕಟ್ಟುವುದರಲ್ಲಿದೆ. ವಿದ್ಯಾರ್ಥಿ ತನ್ನ ಚಿತ್ರದ ಜೊತೆಯಲ್ಲಿ, ಪ್ರತಿಯೊಂದು ಶಾಟಿಗೂ ತಾನು ಬಿಟ್ಟುಕೊಟ್ಟ ಇನ್ನೊಂದು ಆಯ್ಕೆ ಯಾವುದು, ಏಕೆ ಬಿಟ್ಟೆ ಎಂಬುದನ್ನು ಬರೆದು ಒಪ್ಪಿಸಲಿ. ಪರೀಕ್ಷಕರು ಚಿತ್ರವನ್ನೂ ಬರಹವನ್ನೂ ಎದುರಿಟ್ಟುಕೊಂಡು ಪ್ರಶ್ನಿಸಲಿ. ಎರಡನ್ನೂ ಗ್ರಂಥಾಲಯದಲ್ಲಿ ಕಾಪಾಡಲಿ. ಮುಂದಿನ ವರ್ಷದ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಕ್ಕಲಾರದು.

ಇದಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ಸಾಹಿತ್ಯ ವಿಭಾಗದವರೇ ಬರುವ ವರ್ಷ ಮೊದಲುಮಾಡಬಹುದಾದ ಒಂದು ಪ್ರಶ್ನೆಯನ್ನು ಇಲ್ಲಿ ಮಾದರಿಗಾಗಿ ಕೊಡುತ್ತೇನೆ. ಒಂದು ಕೋಣೆ, ಒಂದು ಬಾಗಿಲು, ಒಂದು ಕಿಟಕಿ. ಹೊರಗಿನಿಂದ ಬಂದವನು ಒಳಗಿರುವವಳಿಗೆ ಒಂದು ಸುದ್ದಿಯನ್ನು ಹೇಳಬೇಕು. ಸುದ್ದಿ ಏನೆಂಬುದು ಮಾತಿನಲ್ಲಿ ಬರಕೂಡದು. ಆರು ಶಾಟುಗಳಿಗೆ ಮೀರಬಾರದು, ಒಟ್ಟು ಉದ್ದ ಎರಡು ನಿಮಿಷ, ಹಳೆಯ ಲೆಕ್ಕದಲ್ಲಿ 180 ಅಡಿ. ಪ್ರತಿ ಶಾಟನ್ನು ಒಮ್ಮೆ ಮಾತ್ರ ತೆಗೆಯತಕ್ಕದ್ದು. ಕ್ಯಾಮರಾ ಯಾರ ಪಕ್ಷದಲ್ಲಿ ನಿಂತಿದೆ ಎಂಬುದಕ್ಕೆ ಅರ್ಧ ಪುಟದ ಸಮರ್ಥನೆಯನ್ನು ಚಿತ್ರೀಕರಣಕ್ಕೆ ಮೊದಲೇ ಬರೆದು ಮುಚ್ಚಿದ ಲಕೋಟೆಯಲ್ಲಿ ಕೊಡತಕ್ಕದ್ದು.